ಚೌಕದ ಹೊರಗಿನ ಮಣಿ

ನಾನು ಒಂದು ಸ್ಕ್ಯಾನಿಂಗ್ ಯಂತ್ರ. ಮೊದಲೇ ಹೇಳಿಬಿಡುತ್ತೇನೆ, ಕ್ಷಮೆ ಕೇಳುವುದಕ್ಕಾಗಲಿ ಕನಿಕರ ಗಿಟ್ಟಿಸುವುದಕ್ಕಾಗಲಿ ನಾನು ಈ ಕಥೆ ಹೇಳುತ್ತಿಲ್ಲ. ಮುಧೋಳದಲ್ಲಿ ನನ್ನ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಆ ಮಷೀನು ಯಮನವ್ವನ ಕೊರಳು ಕೊಯ್ಯಿಸಲು ಹೊರಟಿತ್ತು ಎನ್ನುವುದು ಒಂದು. ಆ ಮಷೀನೇ ಅವಳನ್ನು ಉಳಿಸಿತು ಎನ್ನುವುದು ಇನ್ನೊಂದು. ಎರಡೂ ಸುಳ್ಳು. ಅಲ್ಲಿದ್ದದ್ದು ನಾನು, ಕಂಡದ್ದು ನಾನು, ಆದರೂ ನನ್ನನ್ನು ಕೇಳಿದವರು ಒಬ್ಬರೂ ಇಲ್ಲ. ಈಗ ಹಿಂದಿನ ಕೋಣೆಯ ಮೂಲೆ ಸೇರಿದ್ದೇನೆ, ಮೈಮೇಲೊಂದು ಹಳೆಯ ಚಾದರ ಹೊದಿಸಿದ್ದಾರೆ. ಹೊದಿಸಲಿ, ಚಾದರದ ಒಳಗಿನಿಂದಲೇ ಹೇಳುತ್ತೇನೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಧೂಳು ಒಳಗೆ ಬರದ ಕೋಣೆ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟ ಜನ. ಅವರು ನನಗೆ ಓಡಾಡಲು ಗಾಲಿ ಕೊಟ್ಟರು, ತೋರಿಸಲು ಪರದೆ ಕೊಟ್ಟರು, ಪಕ್ಕಕ್ಕೆ ಉದ್ದನೆಯ ತಂತಿಗಳಲ್ಲಿ ಕೈಗಳನ್ನು ನೇತುಹಾಕಿದರು. ನೀವು ಪ್ರೋಬು ಎನ್ನುತ್ತೀರಲ್ಲ, ಅವೇ ನನ್ನ ಕೈಗಳು. ಹೊಟ್ಟೆ ನೋಡಲು ದುಂಡು ಮುಖದ್ದು, ಕೊರಳು ನೋಡಲು ಚಪ್ಪಟೆ ಮುಖದ್ದು.

ಮೈಯೊಳಗನ್ನು ನೋಡಲು ನನಗೆ ಕಣ್ಣಿಲ್ಲ. ನಾನು ಕೂಗುತ್ತೇನೆ. ಮನುಷ್ಯರ ಕಿವಿಗೆ ನಿಲುಕದ ದನಿಯಲ್ಲಿ ಮೈಯೊಳಕ್ಕೆ ಕೂಗಿ, ಒಳಗಿನಿಂದ ಬರುವ ಮರುದನಿಗೆ ಕಾಯುತ್ತೇನೆ. ನೀರಿದ್ದ ಕಡೆ ಮರುದನಿ ಇಲ್ಲ, ಪರದೆಯಲ್ಲಿ ಕಪ್ಪು. ಗಟ್ಟಿ ಇದ್ದ ಕಡೆ ಜೋರು ಮರುದನಿ, ಪರದೆಯಲ್ಲಿ ಬಿಳುಪು. ಬಹಳ ಗಟ್ಟಿಯಾದ ವಸ್ತು ಅಡ್ಡ ಬಂದರೆ ನನ್ನ ಕೂಗು ಅದನ್ನು ದಾಟುವುದೇ ಇಲ್ಲ, ಅದರ ಹಿಂದೆ ಉದ್ದಕ್ಕೂ ನೆರಳು ಬೀಳುತ್ತದೆ. ಇದಿಷ್ಟು ನನ್ನ ವಿದ್ಯೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಡಗು ಹತ್ತಿ, ಲಾರಿ ಹತ್ತಿ ಮೊದಲು ಬಂದದ್ದು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಗೆ. ಅಲ್ಲಿ ನನಗೆ ಬಿಡುವೇ ಇರಲಿಲ್ಲ. ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು. ಅದರ ಕೆಳಗೇ ನಿಂತು ಅತ್ತೆಯಂದಿರು ಡಾಕ್ಟರ ಕಿವಿಯಲ್ಲಿ ‘ಏನದರೀ?’ ಎಂದು ಪಿಸುಗುಟ್ಟುತ್ತಿದ್ದರು. ಡಾಕ್ಟರು ಬಾಗಿಲು ತೋರಿಸುತ್ತಿದ್ದರು, ಅತ್ತೆಯಂದಿರು ಹೋಗುವಾಗ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ದಸರೆ ಬಂದರೆ ಇದೇ ಜನ ನನ್ನ ಪರದೆಗೆ ವಿಭೂತಿ ಬಳಿದು, ಗಾಲಿಗೆ ನಿಂಬೆಹಣ್ಣು ಇಟ್ಟು ಕೈ ಮುಗಿಯುತ್ತಿದ್ದರು. ಬೈಗುಳವೂ ಬೇಡ, ಪೂಜೆಯೂ ಬೇಡ, ತೋರಿಸಿದ್ದನ್ನು ಸರಿಯಾಗಿ ನೋಡಿ ಸಾಕು ಎಂದು ಕಿರುಚಬೇಕು ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಮೇಲೆ ಆಸ್ಪತ್ರೆಯವರು ಹೊಸ ಯಂತ್ರ ತಂದರು. ಕಾಗದಪತ್ರ ಮುಗಿಸಿ, ಸರ್ಕಾರದ ಒಪ್ಪಿಗೆ ಪಡೆದು ನನ್ನನ್ನು ಮುಧೋಳಕ್ಕೆ ಕರೆತಂದವರು ಡಾಕ್ಟರ್ ಕುಮುದಿನಿ ಮೆಳ್ಳಿಗೇರಿ. ಊರಿನ ಜನಕ್ಕೆ ಅವರು ಡಾಕ್ಟರಬಾಯಾರು. ತಾಲ್ಲೂಕು ಕೋರ್ಟಿನ ಎದುರಿನ ಓಣಿಯಲ್ಲಿ ಅವರ ಸ್ಕ್ಯಾನಿಂಗ್ ಸೆಂಟರು. ಕೆಲಸದಲ್ಲಿ ಗಟ್ಟಿಗಿತ್ತಿ, ಬಾಯಿ ಸ್ವಲ್ಪ ಖಾರ. ಮಧ್ಯಾಹ್ನದ ಊಟವನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಹಳೆಯ ಚಿತ್ರಗಳನ್ನು ತಿರುವಿ ನೋಡುತ್ತಾ ಮಾಡುತ್ತಿದ್ದರು. ನನ್ನ ಕೀಲಿಮಣೆಯ ಸಂದಿನಲ್ಲಿ ಈಗಲೂ ಶೇಂಗಾ ಚಟ್ನಿಪುಡಿ ಇದೆ. ಅವರನ್ನು ನಾನು ಮೆಚ್ಚಿದ್ದೆ.

ಹೀಗಿರುವಾಗ ನನ್ನೊಳಗೆ ಒಬ್ಬ ಬಾಡಿಗೆದಾರ ಬಂದು ಕೂತ. ಅದೊಂದು ಪ್ರೋಗ್ರಾಮು. ಥೈರಾಯ್ಡ್ ಎಂಬ ಗ್ರಂಥಿ ಕೊರಳಿನ ಮುಂಭಾಗದಲ್ಲಿ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಇರುತ್ತದೆ. ಅದರಲ್ಲಿ ಗಂಟುಗಳಾಗುವುದು ಸಾಮಾನ್ಯ. ನೂರಾರು ಗಂಟುಗಳು ಏನೂ ಮಾಡದೆ ಸುಮ್ಮನಿರುತ್ತವೆ, ಎಲ್ಲೋ ಕೆಲವು ಕ್ಯಾನ್ಸರ್ ಆಗಿರುತ್ತವೆ. ಯಾವುದು ಯಾವುದೆಂದು ಹೇಳಲು ಈ ಪ್ರೋಗ್ರಾಮು ಸಹಾಯ ಮಾಡುತ್ತದಂತೆ. ಡಾಕ್ಟರು ಚಿತ್ರವನ್ನು ನಿಲ್ಲಿಸಿ, ಗಂಟಿನ ಸುತ್ತ ಒಂದು ಚೌಕ ಎಳೆಯಬೇಕು. ಪ್ರೋಗ್ರಾಮು ಆ ಚೌಕದೊಳಗಿನದನ್ನು ನೋಡಿ ಒಂದರಿಂದ ಐದರೊಳಗೆ ಒಂದು ಅಂಕ ಕೊಡುತ್ತದೆ. ಒಂದು ಎಂದರೆ ನಿಶ್ಚಿಂತೆ, ಐದು ಎಂದರೆ ಬಲವಾದ ಅನುಮಾನ.

ಅದನ್ನು ಹಾಕಲು ಬಂದ ಇಂಜಿನಿಯರು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. ‘ಸಾವಿರಾರು ಕುತ್ತಿಗೆ ನೋಡಿ ಕಲ್ತಿದೆ ಮೇಡಂ ಇದು’ ಎಂದ. ಯಾವ ದೇಶದ ಕುತ್ತಿಗೆಗಳು ಎಂದು ಬಾಯಾರು ಕೇಳಲಿಲ್ಲ. ನಾನಾದರೆ ಕೇಳುತ್ತಿದ್ದೆ.

ಬಾಡಿಗೆದಾರನನ್ನು ಬೈಯುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಅವನು ಬಂದ ಹೊಸದರಲ್ಲೇ ಹೈಸ್ಕೂಲಿನ ಡ್ರಿಲ್ ಮಾಸ್ತರೊಬ್ಬರ ಕೊರಳಿನಲ್ಲಿ ಬಟಾಣಿ ಕಾಳಿಗಿಂತ ಚಿಕ್ಕ ಗಂಟೊಂದಕ್ಕೆ ಐದು ಕೊಟ್ಟ. ಬಾಯಾರಿಗೆ ಅದು ಏನೂ ಅಲ್ಲ ಅನ್ನಿಸಿತ್ತು. ಸೂಜಿ ಹಾಕಿ ಪರೀಕ್ಷಿಸಿದರೆ ಕ್ಯಾನ್ಸರೇ. ಬೇಗ ಸಿಕ್ಕಿದ್ದಕ್ಕೆ ಮಾಸ್ತರು ಗುಣವಾದರು, ಈಗಲೂ ಹುಡುಗರನ್ನು ಬಿಸಿಲಲ್ಲಿ ಓಡಿಸುತ್ತಿದ್ದಾರೆ. ಅಂದಿನಿಂದ ಬಾಯಾರು ಬಾಡಿಗೆದಾರನನ್ನು ತಲೆಯ ಮೇಲೆ ಕೂರಿಸಿಕೊಂಡರು. ಮೊದಲೆಲ್ಲ ಕೊರಳನ್ನು ಮೇಲೆ ಕೆಳಗೆ, ಅಡ್ಡ ಉದ್ದ ನೋಡುತ್ತಿದ್ದವರು ಒಂದು ಚಿತ್ರ ನಿಲ್ಲಿಸಿ, ಚೌಕ ಎಳೆದು, ಅಂಕ ಓದಿ ಮುಂದಿನವರನ್ನು ಕರೆಯತೊಡಗಿದರು. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿರುತ್ತಿದ್ದರು ನಿಜ. ಆದರೂ ನನಗದು ಹಿಡಿಸಲಿಲ್ಲ.

ಆ ಬೆಂಚಿನ ಮೇಲೆ ಒಂದು ದಿನ ಯಮನವ್ವ ಬಂದು ಕುಳಿತಳು.

ಅವಳ ದನಿ ನನಗೆ ಮೊದಲೇ ಪರಿಚಯ. ಎದುರಿನ ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಜವಾನಳು ಅವಳು. ‘ಮಲಕಾಜಪ್ಪ ತಂದಿ ಶಿವಲಿಂಗಪ್ಪ ಬಡಿಗೇರ, ಹಾಜರ್ ಅದಾರೇನ್ರೀ...’ ಎಂದು ಅವಳು ಮೊಗಸಾಲೆಯಲ್ಲಿ ನಿಂತು ಕೂಗಿದರೆ ಓಣಿ ದಾಟಿ, ಗೋಡೆ ದಾಟಿ ನನ್ನ ಕೋಣೆಗೆ ಬರುತ್ತಿತ್ತು. ಚಹಾದಂಗಡಿಯಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡವರು ಹಾಗೇ ಬಿಟ್ಟು ಓಡುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಅವರ ನೌಕರಿ ಅವಳಿಗೆ ಬಂದಾಗ, ಹೆಂಗಸಿನ ದನಿ ಗೇಟಿನವರೆಗೂ ಹೋದೀತೇ ಎಂದು ಗುಮಾಸ್ತರು ನಕ್ಕಿದ್ದರಂತೆ. ಮೊದಲ ದಿನ ಅವಳು ಕೂಗಿದ ಕೂಗಿಗೆ ಕಂಪೌಂಡಿನ ಬೇವಿನ ಮರದ ಗಿಳಿಗಳೆಲ್ಲ ಎದ್ದು ಹೋದವಂತೆ. ಕೂಗಿ, ಮರುದನಿಗೆ ಕಾಯುವುದು ಅವಳ ಕಸುಬು. ನನ್ನದೂ ಅದೇ. ಹೀಗಾಗಿ ಕಾಣುವ ಮೊದಲೇ ಅವಳು ನನಗೆ ನಮ್ಮವಳು ಅನ್ನಿಸಿದ್ದಳು.

ಅವಳ ಜೊತೆ ಗಂಡ ಫಕೀರಪ್ಪ ಬಂದಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ದೊಡ್ಡ ಮೀಸೆ, ಪುಕ್ಕಲು ಜೀವ. ಅವಳು ನೀರು ಕುಡಿಯುವಾಗ ಗಂಟಲ ಹತ್ತಿರ ಏನೋ ಏರಿ ಇಳಿದದ್ದನ್ನು ಕಂಡು ಹೆದರಿ ಕರೆತಂದವನು ಅವನೇ.

ಇಲ್ಲಿ ಈ ಊರಿನ ಒಂದು ಪದ್ಧತಿ ಹೇಳಬೇಕು. ಕೊರಳು ನೋಡುವಾಗ ಕೊರಳಿನ ಮೇಲೆ ಏನೂ ಇರಬಾರದು. ಆದರೆ ತಾಳಿ ತೆಗೆಯುತ್ತಾರೆಯೇ? ಗಂಡ ಪಕ್ಕದಲ್ಲೇ ನಿಂತಿರುವಾಗ ತಾಳಿ ತೆಗೆಯಿರಿ ಎಂದು ಹೇಳಿದರೆ ಬೆಂಚಿನ ಮೇಲಿದ್ದವರೂ ಎದ್ದು ಹೋದಾರು. ಅದಕ್ಕೇ ಬಾಯಾರು ಎಲ್ಲರಿಗೂ ಹೇಳುವಂತೆ ಅವಳಿಗೂ ಹೇಳಿದರು.

“ತಾಳಿ ತಗೀಬ್ಯಾಡ್ರಿ. ಮ್ಯಾಲೆ ಎಳದು ಹಲ್ಲಾಗ ಕಚ್ಚಿ ಹಿಡೀರಿ. ಮಾತಾಡಬ್ಯಾಡ್ರಿ.”

ಯಮನವ್ವ ತಾಳಿ ಕಚ್ಚಿ ಮಲಗಿದಳು. ಊರನ್ನೆಲ್ಲ ಕೂಗಿ ಕರೆಯುವವಳ ಬಾಯಿಗೆ ಬೀಗ ಬಿತ್ತು. ಬಾಯಾರು ಕೊರಳಿಗೆ ತಣ್ಣನೆಯ ಜೆಲ್ ಹಚ್ಚಿ ನನ್ನ ಚಪ್ಪಟೆ ಕೈಯನ್ನು ಇಟ್ಟರು. ಅವಳದು ಎರಡೆಳೆಯ ಕರಿಮಣಿ ಸರ, ನಡುನಡುವೆ ಸಣ್ಣ ಬಂಗಾರದ ಮಣಿ, ಇಲ್ಲಿನವರ ಮಾತಿನಲ್ಲಿ ಗುಂಡು. ತಣ್ಣಗಾದದ್ದಕ್ಕೋ ಏನೋ ಅವಳು ಬೆಚ್ಚಿದಳು, ಒಂದು ಎಳೆ ಹಲ್ಲಿನಿಂದ ಜಾರಿ ಜೆಲ್ಲಿನೊಳಗೆ ಮುಳುಗಿತು. ಒಂದು ಗುಂಡು ಬಂದು ನನ್ನ ಕೈಯ ಅಂಚಿನ ಕೆಳಗೆ ಕೂತಿತು. ಕೋಣೆಯಲ್ಲಿ ಮಬ್ಬು ಬೆಳಕು. ಬಾಯಾರ ಕಣ್ಣು ಪರದೆಯ ಮೇಲೆ.

ಈಗ ನಾನು ಮಾಡಿದ್ದೇನು ಕೇಳಿ. ಗುಂಡನ್ನು ಗುಂಡಿನ ಹಾಗೆಯೇ ತೋರಿಸಿದೆ. ಪರದೆಯ ತುದಿಯಲ್ಲಿ, ಚರ್ಮಕ್ಕೂ ಮೇಲೆ, ಒಂದು ಬೆಳ್ಳಗಿನ ಚುಕ್ಕೆ. ಅದರ ಕೆಳಗೆ ಉದ್ದಕ್ಕೆ ನೆರಳು. ಗ್ರಂಥಿಯಲ್ಲಿ ನಿಜವಾಗಿಯೂ ಒಂದು ಗಂಟಿತ್ತು, ನೆರಳು ಅದರ ಮೇಲೇ ಅಡ್ಡ ಬಿತ್ತು. ಗಂಟಿನ ಒಂದು ಭಾಗ ಕಪ್ಪಾಯಿತು, ಅಂಚು ಮುರಿದಂತೆ ಕಂಡಿತು. ಬಾಯಾರು ಚಿತ್ರ ನಿಲ್ಲಿಸಿದರು, ಗಂಟಿನ ಸುತ್ತ ಬಿಗಿಯಾಗಿ ಚೌಕ ಎಳೆದರು. ನೆರಳು ಚೌಕದೊಳಗೆ ಉಳಿಯಿತು, ಮಣಿ ಹೊರಗೆ ಉಳಿಯಿತು. ಬಾಡಿಗೆದಾರನಿಗೆ ಚೌಕದ ಹೊರಗೆ ಜಗತ್ತೇ ಇಲ್ಲ. ಅವನು ಕಲಿತ ಕೊರಳುಗಳಲ್ಲಿ ತಾಳಿಯೂ ಇರಲಿಲ್ಲವೇನೋ. ಕಪ್ಪು ಗಂಟು, ಮುರಿದ ಅಂಚು, ಐದು ಎಂದ.

ಮಣಿ ಪರದೆಯ ಮೇಲೇ ಇತ್ತು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ನಾನು ಮುಚ್ಚಿಡಲಿಲ್ಲ.

ಆಮೇಲೆ ಎಲ್ಲವೂ ಇಳಿಜಾರಿನಲ್ಲಿ ಗಾಲಿ ಉರುಳಿದ ಹಾಗೆ ಆಯಿತು. ಸೂಜಿ ಹಾಕಿ ತೆಗೆದ ಹನಿಯಲ್ಲಿ ಬರೀ ರಕ್ತ ಬಂದಿತ್ತು, ಏನೂ ಹೇಳಲಾಗದು ಎಂದು ವರದಿ ಬಂತು. ದೊಡ್ಡ ಊರಿನ ಸರ್ಜನ್ನರು ಐದು ಎಂಬ ಅಂಕ ನೋಡಿ, ಕಾಯುವುದು ಬೇಡ, ಇಡೀ ಗ್ರಂಥಿಯನ್ನೇ ತೆಗೆದುಬಿಡೋಣ ಎಂದು ತಾರೀಖು ಕೊಟ್ಟರು. ಗ್ರಂಥಿಯ ಬೆನ್ನಿಗೇ ದನಿಯ ನರ ಹಾದುಹೋಗುತ್ತದೆ, ಸಾಮಾನ್ಯವಾಗಿ ಏನೂ ಆಗದು, ಒಮ್ಮೊಮ್ಮೆ ದನಿ ಒಡೆಯಬಹುದು, ಮೆಲ್ಲಗೆ ಮಾತಾಡಲು ತೊಂದರೆ ಇಲ್ಲ ಎಂದೂ ಹೇಳಿದರು. ಮೆಲ್ಲಗೆ ಮಾತಾಡುವುದನ್ನು ಕಟ್ಟಿಕೊಂಡು ಯಮನವ್ವ ಏನು ಮಾಡಬೇಕು?

ಆಪರೇಷನ್ ತಾರೀಖು ಹತ್ತಿರ ಬಂದಾಗ ಅವಳು ನಮ್ಮ ಸೆಂಟರಿಗೆ ಬಂದಳು. ಕೋರ್ಟಿನ ಊಟದ ಬಿಡುವು, ಬಾಯಾರ ಕೈಯಲ್ಲಿ ರೊಟ್ಟಿ. ಹಿಂದೆಯೇ ಫಕೀರಪ್ಪ ಓಡಿಬಂದ.

“ಬಾಯಾರ, ಇನ್ನೊಮ್ಮೆ ನೋಡ್ರಿ” ಎಂದಳು.

“ಏನ್ ನೋಡೋದೈತ್ರಿ ಯಮನವ್ವಾ? ಕಂಪ್ಯೂಟರು ಐದು ಕೊಟ್ಟೈತಿ. ಅದರ ಮ್ಯಾಲೆ ನಂಬರ ಇಲ್ಲ. ಹೆದರಬ್ಯಾಡ್ರಿ, ಆಪರೇಷನ್ ಮಾಡಿಸ್ಕೋರಿ.”

“ಕಂಪ್ಯೂಟರು ಸಾಕ್ಷಿ ಹೇಳೈತ್ರಿ. ತೀರ್ಪು ನೀವು ಬರೀಬೇಕಲ್ರಿ?” ಯಮನವ್ವ ನಿಂತ ಜಾಗದಿಂದ ಅಲುಗಲಿಲ್ಲ. “ನಮ್ಮ ಕೋರ್ಟಿನ್ಯಾಗ ಕುರಿ ಕದ್ದಾಂವಂದ ಹೆಸರಿದ್ರೂ ಮೂರು ಸಲ ಕೂಗ್ತೀನ್ರಿ. ಒಮ್ಮಿ ಕೂಗಿದಾಗ ಸಂಡಾಸಕ್ಕ ಹೋಗಿರ್ತಾನ, ಎರಡನೇದಕ್ಕ ಚಾದಂಗಡ್ಯಾಗ ಇರ್ತಾನ. ಮೂರನೇ ಕೂಗಿಗೂ ಬರ್ಲಿಲ್ಲಂದ್ರ ಆಮ್ಯಾಲೆ ಗೈರುಹಾಜರು. ನೀವು ನನ್ನ ಕೊಳ್ಳ ಒಂದ ಸಲ ನೋಡಿ ಬರದ ಬಿಟ್ರಿ. ನಾ ಕುರಿ ಕದ್ದಾಂವಗಿಂತ ಕಡಿಮಿ ಏನ್ರಿ?”

ಫಕೀರಪ್ಪ ಅವಳ ಸೆರಗು ಹಿಡಿದು ಜಗ್ಗಿದ. ಅವನ ಕಣ್ಣುಗಳು ಕೆಂಪಾಗಿದ್ದವು.

“ಡಾಕ್ಟರ ಕೂಡ ಯಾರರ ವಾದಾ ಮಾಡ್ತಾರೇನ? ಸುಮ್ನ ನಡಿ. ದನಿ ಹೋದ್ರ ಹೋಗ್ಲಿ. ನೌಕರಿ ಹೋದ್ರೂ ಹೋಗ್ಲಿ. ನನಗ ನೀ ಉಳದ್ರ ಸಾಕು.”

“ದನಿ ಇಲ್ಲದ ಉಳಿಯಾಕಿ ನಾ ಅಲ್ಲ ಬಿಡ್ರಿ, ಅಕಿ ಬ್ಯಾರೆ ಯಾರೋ. ರೋಗ ಖರೇ ಇದ್ರ ಕೊಯ್ಲಿ, ನಾ ಬ್ಯಾಡ ಅನ್ನಾಂಗಿಲ್ಲ. ಖರೇ ಐತೋ ಇಲ್ಲೋ ನೋಡಿ ಕೊಯ್ಲಿ.”

ಬಾಯಾರಿಗೆ ಸಿಟ್ಟು ಬಂದಿತ್ತು. ಅದು ಅವರ ಮೂಗಿನ ತುದಿಯಲ್ಲೇ ಕಾಣುತ್ತಿತ್ತು. ಆದರೆ ಎದುರಿಗೆ ನಿಂತವಳ ದನಿ ಎಂಥದು ಎಂದು ಅವರಿಗೂ ಗೊತ್ತಿತ್ತು, ದಿನಾ ಕೇಳುತ್ತಿದ್ದರು. ರೊಟ್ಟಿ ಕೆಳಗಿಟ್ಟು ಕೈ ತೊಳೆದುಕೊಂಡು ಬಂದರು. “ಆತು, ಮಲಕೋರಿ. ತಾಳಿ ಹಲ್ಲಾಗ ಹಿಡೀರಿ.”

“ಒಲ್ಲೆರಿ” ಎಂದಳು ಯಮನವ್ವ. “ಹೋದ ಸಲ ತಾಳಿ ಕಚ್ಚಿ ಮಲಗಿ ಏನೂ ಕೇಳಾಕ ಆಗ್ಲಿಲ್ಲ. ಈ ಸಲ ನೀವು ಏನೇನ್ ನೋಡ್ತೀರಿ ಅದನ್ನೆಲ್ಲಾ ನಾ ಕೇಳಾಕಿ.”

ಹಾಗೆಂದವಳೇ ಎರಡೂ ಕೈಯಿಂದ ಸರವನ್ನು ತಲೆಯ ಮೇಲಿಂದ ತೆಗೆದು ಗಂಡನ ಮುಂದೆ ಹಿಡಿದಳು. ಫಕೀರಪ್ಪನ ಮುಖ ಬಿಳುಚಿಕೊಂಡಿತು. ಅದನ್ನು ಎಲ್ಲಿಡಬೇಕು ಎಂದು ಅವನಿಗೆ ತಿಳಿಯಲಿಲ್ಲ. ಕಬ್ಬಿಣದ ಮೇಜಿನ ಮೇಲೆ ಇಡುವಂತಿಲ್ಲ, ಕಿಸೆಗೆ ತುರುಕುವಂತಿಲ್ಲ. ಅತ್ತಿತ್ತ ನೋಡಿದ. ಕೊನೆಗೆ ತನ್ನ ಕೊರಳಿಗೇ ಹಾಕಿಕೊಂಡು ಗೋಡೆಗೆ ಆತು ನಿಂತ. ಆ ಮೀಸೆ, ಕಾರ್ಖಾನೆಯ ಖಾಕಿ ಅಂಗಿ, ಅದರ ಮೇಲೆ ಕರಿಮಣಿ ಸರ. ಯಾರೂ ನಗಲಿಲ್ಲ. ನನಗೆ ಅವನ ಮೇಲೆ ಬಹಳ ಪ್ರೀತಿ ಬಂತು.

ಬಾಯಾರು ಬರಿಗೊರಳಿಗೆ ಜೆಲ್ ಹಚ್ಚಿದರು. ನಾನು ಕೂಗಿದೆ. ಎಂದೂ ಕೂಗದಷ್ಟು ಶ್ರದ್ಧೆಯಿಂದ ಕೂಗಿದೆ. ಗಂಟು ಮರುದನಿ ಕೊಟ್ಟಿತು. ದುಂಡಗೆ, ಅಂಚು ನುಣುಪಾಗಿ, ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ತೂತು. ಎಲ್ಲಿಯೂ ನೆರಳಿಲ್ಲ.

“ಏನ್ರಿ ಅದು?” ಎಂದಳು ಯಮನವ್ವ.

ಬಾಯಾರು ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು, ಪಕ್ಕದಿಂದ ನೋಡಿದರು. ಚೌಕ ಎಳೆದರು. ಬಾಡಿಗೆದಾರ ಎರಡು ಎಂದ. ಇನ್ನೊಂದು ಚಿತ್ರ, ಇನ್ನೊಂದು ಚೌಕ, ಮತ್ತೆ ಎರಡು. ಆಗ ಅವರು ನನ್ನ ನೆನಪಿನಲ್ಲಿದ್ದ ಹಳೆಯ ಚಿತ್ರವನ್ನು ತೆರೆದು, ಮೇಲಿದ್ದ ಚೌಕವನ್ನು ಅಳಿಸಿದರು. ತುದಿಯಲ್ಲಿ ಆ ಬಿಳಿ ಚುಕ್ಕೆ ಇತ್ತು, ನಾನು ಇಟ್ಟಲ್ಲೇ. ಬಾಯಾರು ಗೋಡೆಗೆ ಆತು ನಿಂತ ಫಕೀರಪ್ಪನ ಕೊರಳನ್ನು ನೋಡಿದರು, ಪರದೆಯನ್ನು ನೋಡಿದರು.

“ಮಣಿ” ಎಂದರು. ದನಿ ಇಳಿದಿತ್ತು. “ನಿಮ್ಮ ಸರದ ಗುಂಡು ನಡುವ ಬಂದೈತಿ ಯಮನವ್ವಾ. ಅದರ ನೆರಳು ಗಂಟಿನ ಮ್ಯಾಲೆ ಬಿದ್ದೈತಿ. ಹೋದ ಸಲ ಮಷೀನು ಹಿಂಗ...”

“ಮಷೀನಿನ ಮ್ಯಾಲೆ ಹಾಕಬ್ಯಾಡ್ರಿ” ಎಂದಳು ಯಮನವ್ವ, ಮಲಗಿದಲ್ಲಿಂದಲೇ. “ಚುಕ್ಕಿ ಅಲ್ಲೇ ಕಾಣಸಾಕತ್ತೈತಲ್ರಿ. ಅದು ಹೇಳೈತಿ. ಕೇಳಿಸಿಕೊಂಡಿಲ್ಲ ನೀವು.”

ಹುಟ್ಟಿದಾಗಿನಿಂದ ನನ್ನ ಪರವಾಗಿ ಒಬ್ಬರು ಬಾಯಿ ತೆರೆದದ್ದು ಅದೇ ಮೊದಲು. ನನಗೆ ಗಂಟಲಿದ್ದಿದ್ದರೆ ಅಂದು ಅತ್ತುಬಿಡುತ್ತಿದ್ದೆ.

ಬಾಯಾರು ಯಮನವ್ವನ ಕೊರಳಿನ ಜೆಲ್ಲನ್ನು ತಾವೇ ಒರೆಸಿದರು. ಆಮೇಲೆ ಹೇಳಿದರು, “ಖರೇ. ತಪ್ಪು ನಂದು.” ಸರ್ಜನ್ನರಿಗೆ ಅಲ್ಲಿಯೇ ಫೋನು ಮಾಡಿ ಆಪರೇಷನ್ ನಿಲ್ಲಿಸಿ ಎಂದರು. ಆ ವಾರವೇ ನನ್ನ ಪರದೆ ನೋಡುತ್ತಾ ಗಂಟಿನ ನಡುವಿಗೆ ಸರಿಯಾಗಿ ಸೂಜಿ ಹಾಕಿ ಮತ್ತೆ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇಲ್ಲ, ನಿರುಪದ್ರವಿ ಗಂಟು, ವರ್ಷಕ್ಕೊಮ್ಮೆ ನೋಡಿದರೆ ಸಾಕು ಎಂದು ವರದಿ ಬಂತು. ಫಕೀರಪ್ಪ ಪೇಢೆ ತಂದು ನನ್ನ ಮುಂದೆಯೂ ಒಂದು ಇಟ್ಟ. ಇರುವೆ ಮುತ್ತುತ್ತವೆ ಎಂದು ಬಾಯಾರು ಎತ್ತಿ ತಿಂದರು.

ಅಂದಿನಿಂದ ಸೆಂಟರಿನ ಪದ್ಧತಿ ಬದಲಾಯಿತು. ಒಂದು ಕೊರಳಿಗೆ ಮೂರು ಕಡೆಯಿಂದ ಮೂರು ಚಿತ್ರ. ಬಾಡಿಗೆದಾರನನ್ನು ಕೇಳುವ ಮೊದಲು ಬಾಯಾರು ತಮ್ಮ ಅಂಕವನ್ನು ತಾವೇ ಬಾಯಿಬಿಟ್ಟು ಹೇಳಬೇಕು. ತಾಳಿ ಕೊರಳಿನ ಮೇಲೂ ಇರಬಾರದು, ಹಲ್ಲಿನಲ್ಲೂ ಇರಬಾರದು. ತಾಳಿ ತೆಗೆಸುವ ಡಾಕ್ಟರು ಎಂದು ಊರೆಲ್ಲ ಗುಲ್ಲಾಯಿತು. ಕೆಲವು ತಿಂಗಳು ಬೆಂಚು ಖಾಲಿ ಹೊಡೆಯಿತು. ಬಾಯಾರು ಜಗ್ಗಲಿಲ್ಲ, ನನಗೂ ಅದೇ ಬೇಕಿತ್ತು. ದಾರಿ ಹುಡುಕಿದವಳು ಯಮನವ್ವ. ಅರಿಶಿನ ಕೊಂಬು ಕಟ್ಟಿದ ದಾರಗಳ ಒಂದು ಕಟ್ಟನ್ನೇ ತಂದು ಕೊಟ್ಟಳು. ಕೊಂಬನ್ನು ಮುಂಗೈಗೆ ಕಟ್ಟಿಕೊಂಡರೆ ತಾಳಿ ಇದ್ದಂತೆಯೇ, ಅಷ್ಟು ಹೊತ್ತು ಸರ ತೆಗೆದಿಡಬಹುದು ಎಂದು ಕಟ್ಟೆಯ ಮೇಲೆ, ನಲ್ಲಿಯ ಹತ್ತಿರ, ಕೋರ್ಟಿನ ಮೊಗಸಾಲೆಯಲ್ಲಿ ಸಾರಿಬಿಟ್ಟಳು. ಆ ದನಿಗೆ ಎದುರು ಯಾರು ನಿಂತಾರು? ಬೆಂಚು ಮತ್ತೆ ತುಂಬಿತು. ಜೆಲ್ ಬಾಟಲಿಗಳ ಪಕ್ಕದ ಡ್ರಾವರಿನಲ್ಲಿ ಈಗಲೂ ಅರಿಶಿನದ ದಾರಗಳಿವೆ. ನನ್ನ ಚಪ್ಪಟೆ ಕೈಯ ಹಿಡಿಯ ಮೇಲೊಂದು ಹಳದಿ ಕಲೆ ಉಳಿದುಬಿಟ್ಟಿದೆ. ಒರೆಸಿದರೂ ಹೋಗಿಲ್ಲ, ಹೋಗುವುದು ನನಗೂ ಬೇಕಿಲ್ಲ.

ಈಗ ಮುಂದಿನ ಕೋಣೆಯಲ್ಲಿ ಹೊಸ ಯಂತ್ರ ಬಂದಿದೆ. ತೆಳ್ಳಗೆ, ಬೆಳ್ಳಗೆ, ಬಹಳ ಬಿಂಕ. ಅದರೊಳಗೂ ಒಬ್ಬ ಬಾಡಿಗೆದಾರ ಇದ್ದಾನೆ, ನನ್ನವನಿಗಿಂತ ಚುರುಕಂತೆ. ಇರಲಿ. ನಾನು ಕಲಿಸಿಕೊಟ್ಟ ಪದ್ಧತಿಯನ್ನು, ಅಲ್ಲ, ಯಮನವ್ವ ಕಲಿಸಿಕೊಟ್ಟ ಪದ್ಧತಿಯನ್ನು ಆ ಇಬ್ಬರೂ ಪಾಲಿಸಬೇಕು. ಮೂರು ಚಿತ್ರ ಆಗದೆ ಬಾಯಾರು ಆ ಇಬ್ಬರ ಮಾತನ್ನೂ ಕೇಳುವುದಿಲ್ಲ.

ನನ್ನನ್ನು ಗುಜರಿಗೆ ಹಾಕುವುದೂ ಸುಲಭವಲ್ಲ. ನಾನು ಭ್ರೂಣವನ್ನೂ ನೋಡಬಲ್ಲ ಸ್ಕ್ಯಾನಿಂಗ್ ಯಂತ್ರ, ಲಿಂಗ ಪತ್ತೆಯ ಭಯಕ್ಕೆ ಸರ್ಕಾರಕ್ಕೆ ತಿಳಿಸದೆ ನನ್ನ ಒಂದು ಗಾಲಿಯನ್ನೂ ಕದಲಿಸುವಂತಿಲ್ಲ. ಒಪ್ಪಿಗೆ ಬಂದಿದೆಯಂತೆ. ನಿನ್ನೆ ಬೆಳಿಗ್ಗೆ ಹಳೆಯ ಯಂತ್ರ ಕೊಳ್ಳುವವನೊಬ್ಬ ಬಂದ. ಚಾದರ ಎತ್ತಿದ, ಸೀನಿದ, ಸ್ವಿಚ್ಚನ್ನು ಒಂದು ಸಲ ಒತ್ತಿದ. ವಯಸ್ಸಾಗಿದೆ, ನನಗೆ ಎಚ್ಚರವಾಗಲು ಈಗ ಹೊತ್ತು ಬೇಕು. ನಾನು ಏಳುವಷ್ಟರಲ್ಲಿ ಅವನು ಬೆನ್ನು ತಿರುಗಿಸಿದ್ದ. “ಸತ್ತೈತ್ರಿ ಇದು. ನಾಳೆ ಗಾಡಿ ತರ್ತೀನಿ” ಎಂದು ಹೊರಟುಹೋದ.

ನನ್ನ ಮೂಲೆಯ ಕಿಟಕಿ ಕೋರ್ಟಿನ ಕಡೆಗಿದೆ. ಇವತ್ತು ಕಲಾಪ ಶುರುವಾಗಿದೆ. “ಭೀಮಶಿ ತಂದಿ ಹಣಮಂತ ಚಿಂಚಖಂಡಿ, ಹಾಜರ್ ಅದಾರೇನ್ರೀ...” ಎಂದು ಯಮನವ್ವ ಕೂಗಿದಳು. ಯಾರೂ ಬರಲಿಲ್ಲ. ಎರಡನೆಯ ಸಲ ಕೂಗಿದಳು, ಕಿಟಕಿಯ ಗಾಜು ಅದುರಿತು. ಮೂರನೆಯ ಕೂಗಿಗೆ ಚಹಾದಂಗಡಿಯ ಕಡೆಯಿಂದ ಚಪ್ಪಲಿ ಬಡಿಯುತ್ತಾ ಒಬ್ಬ ಓಡಿದ, “ಅದೀನ್ರೀ, ಅದೀನ್ರೀ!” ಎನ್ನುತ್ತಾ.

ಗಾಡಿ ಬಾಗಿಲಿಗೆ ಬಂದ ಸದ್ದಾಗುತ್ತಿದೆ. ಆ ಗುಜರಿಯವನಿಗೆ ಯಾರಾದರೂ ಹೇಳಿ, ಸ್ವಿಚ್ಚನ್ನು ಇನ್ನೆರಡು ಸಲ ಒತ್ತಲಿ.